ಕಾಲಿಲ್ಲದ ದೊರೆಯ ಹಿಂದೆ ಕುಳಿತವರು

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ‘ಬೇಡ’ ಎಂದೆ.

ಅಪಘಾತದ ವರದಿಯಲ್ಲಿ ಬೇರೆ ಹೊತ್ತು ಇದೆ, ಹನ್ನೊಂದು ಇಪ್ಪತ್ತು. ಅದು ಸದ್ದಾದ ಹೊತ್ತು. ಕೆಟ್ಟದ್ದು ಶುರುವಾದದ್ದು ಒಂಬತ್ತು ನಲವತ್ತಕ್ಕೆ. ಇಷ್ಟು ಖಚಿತವಾಗಿ ಹೇಳಲು ಕಾರಣ ನನ್ನ ಕ್ಯಾಮೆರಾ. ಅದಕ್ಕಿಂತ ಎರಡು ನಿಮಿಷ ಮೊದಲು ತೆಗೆದ ಚಿತ್ರದಲ್ಲಿ ಅವರ ಬಲಗೈಯ ತೋರುಬೆರಳು ಇದೆ. ಪೂರ್ತಿ ಇದೆ.

ಅವರನ್ನು ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಅವರ ಊರಿನಲ್ಲಿ ಆಗಲೇ ಸಾಕಷ್ಟು ಎಳೆದಾಡಿದ್ದಾರೆ, ಅದಕ್ಕೆ ಕಾರಣಳಾದವಳು ನಾನು. ಕಾರ್ಕಳದ ಕಡೆಯವರು. ದೇವಸ್ಥಾನಗಳಿಗೆ ಉತ್ಸವಮೂರ್ತಿಗಳನ್ನು ಎರಕ ಹೊಯ್ಯುವ ಮನೆತನ. ಕುವೈತಿಗೆ ಬಂದದ್ದು ಮಾತ್ರ ವೆಲ್ಡರ್ ವೀಸಾದಲ್ಲಿ. ಅಬು ಹಲೀಫಾದ ಒಬ್ಬ ಗುತ್ತಿಗೆದಾರನ ಕೈಕೆಳಗೆ ಹನ್ನೆರಡು ವರ್ಷ ಪೈಪು ಬೆಸೆದರು. ಒಮ್ಮೆ ನಾನು ಕೆಲಸಕ್ಕಿದ್ದ ಕುವೈತಿ ಯಜಮಾನರ ಮನೆಯ ಹಳೆಯ ಹಿತ್ತಾಳೆ ಕಾಫಿ ಹೂಜಿಯ ಮೂತಿ ಮುರಿದು, ಯಾರೋ ಇವರನ್ನು ಕರೆತಂದರು. ಮರುದಿನ ಯಜಮಾನರು ಭೂತಗನ್ನಡಿ ಹಿಡಿದು ಹುಡುಕಿದರೂ ಬೆಸುಗೆ ಎಲ್ಲಿದೆ ಎಂದು ಸಿಗಲಿಲ್ಲವಂತೆ. ಅಂದಿನಿಂದ ಆಚಾರ್ರು ಆ ಮನೆಯವರಾದರು.

ನಾನು ಅದಕ್ಕಿಂತ ಒಂದು ವರ್ಷ ಮೊದಲೇ ಅಲ್ಲಿ ಸೇರಿದ್ದೆ. ಮೈಸೂರಿನಲ್ಲಿ ಇತಿಹಾಸ ಎಂ.ಎ. ಮಾಡಿ, ಗಂಡನ ಬ್ಯಾಂಕ್ ಕೆಲಸದ ಹಿಂದೆ ಬಂದು, ಎಗೈಲಾದ ಫ್ಲ್ಯಾಟಿನಲ್ಲಿ ನಾಲ್ಕು ವರ್ಷ ಸುಮ್ಮನೆ ಕೂತವಳಿಗೆ ಅದು ದೊಡ್ಡ ಕೆಲಸ. ಯಜಮಾನರಿಗೆ ಒಂದೇ ಹುಚ್ಚು. ಐನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಊರಿಗೊಬ್ಬ ದೊರೆಯಿದ್ದಾಗ ಆ ದೊರೆಗಳು ತಮಗಾಗಿ ಮಾಡಿಸಿಕೊಂಡ ಕಂಚಿನ ಎದೆಮಟ್ಟದ ಪ್ರತಿಮೆಗಳನ್ನು ಕೂಡಿಡುವುದು. ತಲೆ, ಕತ್ತು, ಕವಚ ತೊಟ್ಟ ಭುಜ, ಅಲ್ಲಿಗೆ ದೊರೆ ಮುಗಿದ. ಅಂಥ ಹನ್ನೊಂದು ದೊರೆಗಳಿಗೆ ಸಂಖ್ಯೆ ಕೊಟ್ಟು, ಅಳೆದು, ಚಿತ್ರ ತೆಗೆದು, ಒಬ್ಬೊಬ್ಬರಿಗೂ ಒಂದು ಕಡತ ಇಡುವುದು ನನ್ನ ಪಾಲಿನ ಕೆಲಸ. ನನ್ನ ವೀಸಾಕ್ಕೆ ಹೊಣೆಯಾದ ಕಫೀಲ್ ಕೂಡ ಯಜಮಾನರೇ, ಅಂದರೆ ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ನನ್ನ ಇಕಾಮಾ, ಅವರ ಸಹಿಯ ಮೇಲೆ ನಿಂತಿತ್ತು.

ಆಚಾರ್ರು ಮೊದಲ ದಿನ ಕೋಣೆಗೆ ಬಂದು, ಸಾಲಾಗಿ ಕೂತ ದೊರೆಗಳನ್ನು ನೋಡಿ, ದಾರ ಕಟ್ಟಿದ ಕನ್ನಡಕವನ್ನು ಹಣೆಗೆ ಏರಿಸಿದರು.

“ಎಂತದು ಮೇಡಂ ಇದು, ಅರ್ಧ ರಾಜ? ಉಳಿದರ್ಧಕ್ಕೆ ಕಂಚು ಸಾಕಾಗ್ಲಿಲ್ವಾ?”

“ಆಗ ಹಾಗೇ ಮಾಡ್ತಿದ್ರು ಆಚಾರ್ರೇ. ಅದೇ ಪದ್ಧತಿ.”

“ಅದು ಸರಿ. ನಾನು ಕಾಲು ಎಲ್ಲಿ ಮುಟ್ಟುದು?”

ಅವರ ಮನೆತನದಲ್ಲಿ ಮೂರ್ತಿಗೆ ಉಳಿ ತಾಗಿಸುವ ಮೊದಲು ಅದರ ಪಾದ ಮುಟ್ಟಿ ತಪ್ಪಾಯಿತು ಎಂದು ಹೇಳಿಕೊಳ್ಳಬೇಕು. ನೋಯಿಸುವ ಮೊದಲೇ ಕ್ಷಮೆ. ಈ ದೊರೆಗಳಿಗೆ ಪಾದವೇ ಇರಲಿಲ್ಲ. ಆಚಾರ್ರು “ಹಾಗಾದ್ರೆ ಮೇಜಿನ ಕಾಲೇ ಇವನ ಕಾಲು” ಎಂದು ಬಗ್ಗಿ ಮೇಜಿನ ಕಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಾಗಿಲಲ್ಲಿ ನಿಂತಿದ್ದ ಮನೆಯ ಮ್ಯಾನೇಜರು, ಅಲ್ಲಿ ಎಲ್ಲರಿಗೂ ಅವರು ಮುದೀರ್, ಗಾಬರಿಯಾಗಿ “ಕ್ಯಾ ಗಿರ್ ಗಯಾ, ಭಾಯಿ?” ಎಂದು ಕೇಳಿದರು.

“ಕುಛ್ ನಹೀ ಸಾಬ್. ರಾಜಾ ಕೋ ಸಲಾಮ್ ಬೋಲಾ.”

ಮುದೀರ್ ತಲೆಯಾಡಿಸುತ್ತ ಹೋದರು. ಅಂದಿನಿಂದ ಪ್ರತಿ ಕೆಲಸಕ್ಕೂ ಮೊದಲು ಮೇಜಿನ ಕಾಲಿಗೆ ನಮಸ್ಕಾರ ತಪ್ಪಲಿಲ್ಲ.

ಅವರು ಲೋಹವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು ಕೇಳುತ್ತಿದ್ದರು. ಮೂಸುತ್ತಿದ್ದರು. ಮಧ್ಯಾಹ್ನ ಅಬ್ಬಾಸಿಯಾದ ತಮ್ಮ ಕೋಣೆಯಿಂದ ತಂದ ಕುಚ್ಚಲಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ ತೆರೆದು, ದೊರೆಗಳ ಕಡೆಗೆ ಬೆನ್ನು ತಿರುಗಿಸಿ ಕೂತು ಉಣ್ಣುತ್ತಿದ್ದರು. ಯಾಕೆ ಎಂದರೆ, “ಇವರೆಲ್ಲ ಬಾಯಿ ಮುಚ್ಚಿ ನೋಡ್ತಾ ಇರುವಾಗ ಇಳಿಯುದಿಲ್ಲ ಮಾರಾಯ್ರೆ” ಎಂದರು. ಅಬ್ಬಾಸಿಯಾದ ಆ ಕೋಣೆಯಲ್ಲಿ ಆರು ಜನ ಇದ್ದರಂತೆ, ಇವರಿಗೆ ಕೆಳಗಿನ ಮಂಚ. ಮಂಚದಡಿ ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಪಂಚೆಯಲ್ಲಿ ಸುತ್ತಿದ ತಂದೆಯ ಉಳಿಗಳು. ವೆಲ್ಡಿಂಗಿನ ಹನ್ನೆರಡು ವರ್ಷವೂ ಆ ಉಳಿಗಳಿಗೆ ವಾರಕ್ಕೊಮ್ಮೆ ಎಣ್ಣೆ ಸವರಿದ್ದರು. ಬಳಸಿರಲಿಲ್ಲ.

ಅವರಿಗೆ ಹೆಚ್ಚು ಇಷ್ಟವಾದದ್ದು ಏಳನೆಯ ದೊರೆ. ದಪ್ಪ ಕತ್ತು, ಮುರಿದು ಕೂಡಿದ ಮೂಗು, ಎಡಗೆನ್ನೆಯ ಮೇಲೆ ಒಂದು ನರಹುಲಿ. ಹಡಗಿನ ಪೆಟ್ಟಿಗೆಯಿಂದ ತೆಗೆದಾಗಲೇ ಅವನ ಎಡಭುಜದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಆಚಾರ್ರು ಬಿರುಕನ್ನು ಬಿಟ್ಟು ನರಹುಲಿಯನ್ನೇ ನೋಡಿದರು.

“ನಮ್ಮಲ್ಲಿ ದೇವರ ಮುಖಕ್ಕೆ ಅಳತೆ ಉಂಟು, ಶ್ಲೋಕ ಉಂಟು. ಅದರ ಪ್ರಕಾರ ಮಾಡಿದ್ರೆ ಬೈಯುವವರಿಲ್ಲ. ಇವ ಮಾಡುವವನ ಎದುರೇ ಕೂತಿದ್ದಾನೆ, ಸೊಂಟದಲ್ಲಿ ಕತ್ತಿ ಉಂಟು. ಆದ್ರೂ ಆ ಎರಕದವ ನರಹುಲಿ ಬಿಡ್ಲಿಲ್ಲ ನೋಡಿ!”

“ದೊರೆಯೇ ಹಾಕು ಅಂದಿರಬಹುದಲ್ಲ?”

“ಅಂದಿರ್ಲಿ. ಆದ್ರೂ ಮೊದಲು ಕೈ ನಡುಗುದು ಎರಕದವಂದೇ ಅಲ್ವಾ?”

ಕೆಲಸಕ್ಕೆ ಕೂರುವ ರೀತಿಯೂ ಅವರದೇ. ದೊರೆಯ ಮುಖವನ್ನು ನನ್ನ ಕಡೆಗೆ ತಿರುಗಿಸಿ ಇಡುತ್ತಿದ್ದರು, ತಾವು ಬೆನ್ನಿನ ಕಡೆ ಕೂರುತ್ತಿದ್ದರು. “ಮುಖ ನೋಡುವವರಿಗೆ, ಬೆನ್ನು ಕೆಲಸದವನಿಗೆ.” ಇಂಥ ಪ್ರತಿಮೆಗಳು ಒಳಗೆ ಪೊಳ್ಳು, ಹಿಂಬದಿಯಲ್ಲಿ ಅಂದವೇನೂ ಇರುವುದಿಲ್ಲ. ಅದನ್ನು ಬೇರೆಯವರಿಗೆ ತೋರಿಸುವುದು ಮರ್ಯಾದೆಯಲ್ಲ ಎಂದು ಅವರ ಲೆಕ್ಕ. ನಾನು ಕ್ಯಾಮೆರಾ ಹಿಡಿದು ಎದುರಿನ ಸ್ಟೂಲಿನಲ್ಲಿ ಕೂತರೆ, ದೊರೆಯ ತಲೆಯ ಹಿಂದಿನಿಂದ ಇನ್ನೊಂದು ತಲೆ ಮಾತಾಡಿದಂತೆ ಕೇಳುತ್ತಿತ್ತು.

ಇನ್ನೊಂದು ನೇಮವಿತ್ತು. ಪೊಳ್ಳಾದ, ಮುಚ್ಚಿದ ಯಾವುದನ್ನೇ ಕಾಯಿಸುವ ಮೊದಲು ಸೂಜಿಯಷ್ಟು ತೂತು ಕೊರೆಯಬೇಕು. ಅವರ ಮನೆಯಲ್ಲಿ ಅದಕ್ಕೆ ಉಸಿರಿನ ತೂತು ಎನ್ನುತ್ತಾರೆ. ಒಳಗೆ ಉಳಿದ ಎರಕದ ಮಣ್ಣಿನಲ್ಲಿ ಹನಿ ನೀರಿದ್ದರೂ ಅದು ಹಬೆಯಾಗಿ ಹೊರಗೆ ದಾರಿ ಹುಡುಕುತ್ತದೆ. ಕೆಲಸ ಮುಗಿದ ಮೇಲೆ ಅದೇ ಲೋಹದ ಮೊಳೆಯಿಂದ ಮುಚ್ಚಿ ಉಜ್ಜಿಬಿಟ್ಟರೆ ಕಾಣುವುದಿಲ್ಲ. ಕೆಲಸ ಕಲಿಯಲು ಬಂದವರಿಗೆ ಮೊದಲ ಪಾಠ ಉಳಿ ಹಿಡಿಯುವುದಲ್ಲ, ಈ ತೂತು ಕೊರೆಯುವುದು.

ಆ ದಿನ ಏಳನೆಯ ದೊರೆಯ ಬಿರುಕು ಬೆಸೆಯಬೇಕಿತ್ತು. ಎರಡು ದಿನ ಮೊದಲು ನಾನೇ ಅವನನ್ನು ಶುದ್ಧ ನೀರಿನಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆದಿದ್ದೆ, ನಿಯಮದ ಪ್ರಕಾರ. ಬೆನ್ನಿನ ಬಾಯಿಗೆ ಯಾರೋ ಯಾವಾಗಲೋ ಒಂದು ಕಂಚಿನ ತಗಡು ಕೂರಿಸಿ ಮುಚ್ಚಿದ್ದರು. ಆಚಾರ್ರು ಅದರ ಮೇಲೆ ಸೀಮೆಸುಣ್ಣದಿಂದ ಪುಟ್ಟ ಸುತ್ತು ಹಾಕಿ ಬೆರಳಿಟ್ಟು ತೋರಿಸಿದರು. ನಾನು ಚಿತ್ರ ತೆಗೆದೆ. ಒಂಬತ್ತು ಮೂವತ್ತೆಂಟು.

“ಇಲ್ಲಿ ಒಂದು ತೂತು ಬೇಕು ಮೇಡಂ.”

“ಈ ತಗಡು ಮೂಲದ್ದೇ ಇರಬಹುದು ಆಚಾರ್ರೇ. ಹೊಸ ತೂತು ಕೊರೆಯೋ ಹಾಗಿಲ್ಲ. ಯಜಮಾನರ ಸಹಿ ಬೇಕು, ಅವರು ಊರಲ್ಲಿಲ್ಲ.”

“ಮತ್ತೆ ಮುಚ್ಚಿ ಕೊಡ್ತೇನೆ. ನೀವೇ ಹುಡುಕಿದ್ರೂ ಸಿಗ್ಲಿಕ್ಕಿಲ್ಲ.”

“ಬೇಡ.”

“ಒಳಗೆ ಎಂತ ಉಂಟು ಅಂತ ಗೊತ್ತಿಲ್ಲ. ನೀವು ಮೊನ್ನೆ ಮೀಯಿಸಿದ್ದೀರಿ ಬೇರೆ. ಯಜಮಾನ್ರು ಬಂದ ಮೇಲೆ ಮಾಡುವ, ಆಗದಾ?”

ಮುದೀರ್ ಬಾಗಿಲಲ್ಲೇ ಇದ್ದರು. ಗುರುವಾರ ಅತಿಥಿಗಳಿದ್ದಾರೆ, ಏಳನೆಯವನನ್ನು ನೋಡಲೆಂದೇ ಬರುತ್ತಿದ್ದಾರೆ. “ಯಲ್ಲಾ, ಆಜ್ ಖತಂ ಕರೋ” ಎಂದು ಅವಸರ ಮಾಡಿದರು. ನಾನು ಒಂದು ಕ್ಷಣವೂ ಯೋಚಿಸದೆ, ಓದಿದವಳ ದನಿಯಲ್ಲಿ, “ಬಿರುಕಿನ ಹತ್ರ ಮಾತ್ರ ಹಗೂರಾಗಿ ಕಾಯಿಸಿ, ಸಾಕು” ಎಂದೆ. ಹಗುರಾಗಿ ಕಾಯಿಸುವುದು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಆಚಾರ್ರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. “ಬರೆಯುವವರು ನೀವು. ಆಗ್ಲಿ” ಎಂದು ಸೀಮೆಸುಣ್ಣದ ಸುತ್ತನ್ನು ಹೆಬ್ಬೆರಳಿನಿಂದ ಒರೆಸಿದರು. ಬಗ್ಗಿ ಮೇಜಿನ ಕಾಲು ಮುಟ್ಟಿದರು. ಎಂದಿನಂತೆ ದೊರೆಯ ಮುಖವನ್ನು ನನ್ನ ಕಡೆಗೆ ತಿರುಗಿಸಿ, ತಾವು ಆ ತಗಡಿನ ಎದುರು ಕೂತರು.

ಬೆಸುಗೆ ಚೆನ್ನಾಗಿ ಹಿಡಿಯಿತು. ಅದೇ ತಪ್ಪಾದದ್ದು. ಒಳಗಿನ ಹಬೆಗೆ ಇದ್ದ ಒಂದೇ ದಾರಿ ಆ ಬಿರುಕು, ಅದು ಮುಚ್ಚಿತು. “ಕೂಡಿತು ಮೇಡಂ, ನೋಡಿ ಈಗ” ಎಂದು ಹಿಂದಿನ ತಲೆ ಹೇಳಿತು. ನಾನು ಕ್ಯಾಮೆರಾ ಎತ್ತಿದೆ.

ಸದ್ದು ಬಾಂಬಿನಂತಿರಲಿಲ್ಲ. ಕಬ್ಬಿಣದ ಬೀರು ಮಹಡಿಯಿಂದ ಬಿದ್ದಂತಿತ್ತು. ದೊರೆ ಮೇಜಿನಿಂದ ಗೇಣು ಮೇಲೆ ಹಾರಿ, ನನ್ನ ಮುಖವನ್ನೇ ನೋಡುತ್ತ, ಮತ್ತೆ ಅಲ್ಲೇ ಕೂತ. ಆಮೇಲೆ ಒಂದು ವಾಸನೆ ಬಂತು. ಮರುಭೂಮಿಯ ಊರಿನಲ್ಲಿ, ಎ.ಸಿ. ಹಾಕಿ ಮುಚ್ಚಿದ ಕೋಣೆಯಲ್ಲಿ, ಹಸಿಮಣ್ಣಿನ ವಾಸನೆ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಮರಳಿ ಮರಳಿ ಬರುವುದು ಅದು.

ತಗಡು ಹಾರಿ ಅವರ ಬಲಗೈಗೂ ಎದೆಗೂ ಬಡಿದಿತ್ತು. ನೆಲದ ಮೇಲೆ ಒರಗಿ ಕೂತಿದ್ದರು, ಕನ್ನಡಕದ ಮೇಲೆಲ್ಲ ಬಿಸಿ ಕೆಸರು. ನಾನು ಕಿರುಚುತ್ತಿದ್ದೆನಂತೆ. ಅವರು ಕೇಳಿದ್ದು ಒಂದೇ ಮಾತು.

“ಮುಖಕ್ಕೆ ಎಂತದೂ ಆಗ್ಲಿಲ್ಲ ಅಲ್ವಾ?”

ಇಲ್ಲ ಎಂದೆ. ನನ್ನ ಮುಖವೋ ದೊರೆಯದೋ, ಆಗ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಎರಡಕ್ಕೂ ಗೀರು ಕೂಡ ಬಿದ್ದಿರಲಿಲ್ಲ. ಅವರ ತೋರುಬೆರಳು, ನಡುಬೆರಳು, ಹೆಬ್ಬೆರಳ ತುದಿ ಹೋಗಿದ್ದವು.

ವರದಿ ಮರುದಿನವೇ ಸಿದ್ಧವಾಗಿತ್ತು. ಕೆಲಸಗಾರನು ಒಳಗಿನ ಪೊಳ್ಳನ್ನು ಪರೀಕ್ಷಿಸದೆ, ಯಾರಿಗೂ ತಿಳಿಸದೆ ಕಾಯಿಸಿದನು ಎಂದಿತ್ತು. ಕೆಳಗೆ ಸಾಕ್ಷಿ ಎಂದು ನನ್ನ ಹೆಸರು. ಮುದೀರ್ ಪೆನ್ನನ್ನು ಮುಚ್ಚಳ ತೆಗೆದೇ ಕೊಟ್ಟರು. “ಸಿರ್ಫ್ ಏಕ್ ಸೈನ್, ಸಿಸ್ಟರ್. ಫಿರ್ ಖಲಾಸ್.” ನನ್ನ ಇಕಾಮಾ ಆ ತಿಂಗಳೇ ನವೀಕರಣವಾಗಬೇಕಿತ್ತು. ಅದನ್ನು ಅವರು ಹೇಳಲಿಲ್ಲ, ನನಗೆ ಹೇಳಬೇಕಾಗಿಯೂ ಇರಲಿಲ್ಲ. ಸಹಿ ಹಾಕಿದೆ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಕೈ ಬಿಳಿ ಮೂಟೆಯಂತೆ ಎದೆಯ ಮೇಲಿತ್ತು.

“ಒಳಗೆ ಎಂತ ಉಂಟು, ನೋಡಿದ್ರಾ?” ಎಂದು ಕೇಳಿದರು.

“ಇಲ್ಲ ಆಚಾರ್ರೇ.”

“ಒಮ್ಮೆ ನೋಡಿ. ಅಚ್ಚಿಗೆ ಮೇಣ ಒತ್ತಿದ ಬೆರಳಿನ ಗುರುತು ಇರ್ತದೆ, ಹಾಗೇ ಕಂಚಿಗೆ ಬಂದಿರ್ತದೆ. ಹೊರಗೆ ರಾಜ, ಒಳಗೆ ನಾವು.” ನಕ್ಕರು. ಆಮೇಲೆ ದನಿ ತಗ್ಗಿಸಿ, “ವರದಿಯಲ್ಲಿ ನಾನು ತೂತು ಕೇಳಿದ್ದೆ ಅಂತ ಉಂಟಲ್ಲ?”

ನಾನು ಅವರ ಹೊದಿಕೆ ಸರಿಮಾಡಿದೆ. “ಬರೀತೀನಿ” ಎಂದೆ.

“ನೀವು ಬೇಡ ಅಂದದ್ದು ಹಾಕ್ಲಿಕ್ಕೆ ಹೋಗ್ಬೇಡಿ. ನಾನು ಕೇಳಿದೆ, ಅಷ್ಟು ಸಾಕು. ಊರಲ್ಲಿ ಕೇಳ್ತಾರೆ. ಕೆಲಸ ಕೆಟ್ಟ ಮೇಲೆ ಕೆಲಸದವ ಹೇಳಿದ್ರೆ ಯಾರು ನಂಬ್ತಾರೆ? ಬರೆದವರೇ ಹೇಳ್ಬೇಕು.”

ಅವರು ಕೇಳಿದ್ದು ಇಷ್ಟೇ, ಒಂದು ವಾಕ್ಯ. ಅದಿಲ್ಲದ ವರದಿಯ ಜೊತೆಗೇ ಊರಿಗೆ ಹೋದರು. ಹೋಗುವ ಮೊದಲೇ ಅದರ ಫೋಟೋ ಅಬ್ಬಾಸಿಯಾದ ಕೋಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಕಾರ್ಕಳ ತಲುಪಿತ್ತು. ಉಸಿರಿನ ತೂತಿಲ್ಲದೆ ಮೂರ್ತಿ ಕಾಯಿಸಿದವ ಎಂದರೆ ಆ ಕಸುಬಿನಲ್ಲಿ ಅದಕ್ಕಿಂತ ಕೆಟ್ಟ ಹೆಸರಿಲ್ಲ. ಅವರ ತಮ್ಮ ನಡೆಸುತ್ತಿದ್ದ ಮನೆಯ ಕುಲುಮೆಯಿಂದ ಎರಡು ದೇವಸ್ಥಾನದವರು ಅರ್ಧಕ್ಕೇ ಮೂರ್ತಿ ಹಿಂದಕ್ಕೆ ಒಯ್ದರು.

ಮೊದಮೊದಲು ಅವರ ಫೋನ್ ಎತ್ತುತ್ತಿದ್ದೆ. ಆಮೇಲೆ ಬಿಟ್ಟೆ. ಧ್ವನಿ ಸಂದೇಶಗಳು ಬರುತ್ತಿದ್ದವು. “ಊಟ ಆಯ್ತಾ ಮೇಡಂ? ಪುರುಸೊತ್ತಾದಾಗ ಫೋನ್ ಮಾಡಿ.” ಒಮ್ಮೆ, “ಎಡಗೈಗೆ ಬುದ್ಧಿ ಹೇಳ್ತಾ ಇದ್ದೇನೆ. ಐವತ್ತೆಂಟು ವರ್ಷ ಸೋಮಾರಿ ಕೂತಿದ್ದು, ಕೇಳುದೇ ಇಲ್ಲ.” ವರದಿಯ ಮಾತು ಯಾವುದರಲ್ಲೂ ಇರಲಿಲ್ಲ.

ಮನೆಯಲ್ಲಿ ನಾನು ಕುಕ್ಕರ್ ಇಡುವುದನ್ನು ಬಿಟ್ಟಿದ್ದೆ. ಪಾತ್ರೆಯಲ್ಲಿ, ಮುಚ್ಚಳ ಓರೆ ಮಾಡಿ ಅನ್ನ. ಒಂದು ದಿನ ಪಕ್ಕದ ಫ್ಲ್ಯಾಟಿನಲ್ಲಿ ಸೀಟಿ ಕೂಗಿದಾಗ ಮೇಜಿನ ಕೆಳಗೆ ಕೂತುಬಿಟ್ಟಿದ್ದೆ. ಮಗಳು ಬಗ್ಗಿ ನೋಡಿ, “ಅಮ್ಮಾ, ಇಟ್ಸ್ ಜಸ್ಟ್ ದ ಕುಕ್ಕರ್” ಎಂದಳು. ಮೇಜಿನ ಕಾಲು ನನ್ನ ಕೈಯಲ್ಲಿತ್ತು. ನಿದ್ದೆ ಎರಡು ಗಂಟೆಗೆ ಮುರಿಯುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ಎಲ್ಲಿದ್ದರೂ, ಗಡಿಯಾರದ ಮೇಲೆ ಕಣ್ಣು ಹೋಗುತ್ತಿತ್ತು.

ಐದು ತಿಂಗಳ ಮೇಲೆ ಅವರ ಸಂಖ್ಯೆಯಿಂದಲೇ ಇನ್ನೊಂದು ಸಂದೇಶ ಬಂತು, ಅವರ ತಮ್ಮನ ದನಿ. ಅಣ್ಣ ಮಧ್ಯಾಹ್ನ ಕುಲುಮೆಯ ಜಗಲಿಯಲ್ಲಿ ಕೂತಲ್ಲೇ ಹೋದ. ಎದೆನೋವು ಅಂತ ಹೇಳಿಯೂ ಇರಲಿಲ್ಲ.

ಮರುದಿನ ನಾನು ಏಳನೆಯ ದೊರೆಯ ಬೆನ್ನಿನೊಳಗೆ ಮೊದಲ ಬಾರಿಗೆ ಟಾರ್ಚ್ ಹಿಡಿದು ನೋಡಿದೆ. ಗುರುತುಗಳಿದ್ದವು. ಕೆನ್ನೆಯ ಒಳಗೆ, ಹಣೆಯ ಒಳಗೆ, ಸಾಲುಸಾಲಾಗಿ ಹೆಬ್ಬೆರಳು. ನರಹುಲಿಯ ಹಿಂದೆ ಸಣ್ಣ ಗುಳಿ, ಅಲ್ಲಿ ಬೆರಳು ಎರಡು ಸಲ ಒತ್ತಿತ್ತು. ಹಾರಿದ ತಗಡನ್ನೂ ಕಪಾಟಿನಿಂದ ತೆಗೆದೆ. ಅಂಚು ಯಂತ್ರದಲ್ಲಿ ಕತ್ತರಿಸಿದ್ದು. ಮೂಲದ್ದಲ್ಲ, ಹಳೆಯದೂ ಅಲ್ಲ. ಸೂಜಿಯಷ್ಟು ತೂತಿನಿಂದ ಏನೂ ಕೆಡುತ್ತಿರಲಿಲ್ಲ.

“ಬರೆದುಬಿಡ್ತೀನಿ” ಎಂದು ಸಂಜೆ ಗಂಡನಿಗೆ ಹೇಳಿದೆ.

“ಈಗ ಬರೆದ್ರೆ ಅವರೇನು ಎದ್ದು ಬರ್ತಾರಾ?”

“ಇಲ್ಲ.”

“ಕೆಲಸ ಹೋಗುತ್ತೆ.”

“ಹೋಗುತ್ತೆ.”

ಅವರು ಟಿ.ವಿ. ಆರಿಸಿದರು. “ಇಕಾಮಾ ನನ್ನ ಮೇಲೆ ಹಾಕಿಸೋಣ. ಬರಿ.”

ಏಳನೆಯ ದೊರೆಯ ಕಡತದಲ್ಲಿ ಒಂದು ಹಾಳೆ ಸೇರಿಸಿದೆ. ಆ ದೊರೆ ಎಲ್ಲಿಗೆ ಮಾರಾಟವಾದರೂ ಕಡತ ಜೊತೆಗೆ ಹೋಗುತ್ತದೆ. ಕೆಲಸಗಾರರು ತೂತು ಕೇಳಿದ್ದರು, ಜಾಗವನ್ನೂ ಗುರುತು ಮಾಡಿದ್ದರು, ಚಿತ್ರ ಲಗತ್ತಿಸಿದೆ, ಬೇಡ ಎಂದವಳು ನಾನು, ವರದಿಯಲ್ಲಿರುವುದು ಸುಳ್ಳು. ಆಚಾರ್ರು ಬೇಡ ಎಂದಿದ್ದ ನನ್ನ ಭಾಗವನ್ನೂ ಬಿಡಲಿಲ್ಲ. ಒಂದು ಪ್ರತಿ ಯಜಮಾನರಿಗೆ. ಅದನ್ನೇ ಕನ್ನಡದಲ್ಲಿ ಬರೆದು, ಸೀಮೆಸುಣ್ಣದ ಸುತ್ತಿನ ಚಿತ್ರ, ಒಳಗಿನ ಬೆರಳ ಗುರುತುಗಳ ಚಿತ್ರ ಇಟ್ಟು ಇನ್ನೊಂದು ಪ್ರತಿ ಕಾರ್ಕಳಕ್ಕೆ.

ಯಜಮಾನರು ಅದನ್ನು ನನ್ನೆದುರೇ ಓದಿದರು. ಚಿತ್ರದಲ್ಲಿನ ಆಚಾರ್ರ ಬೆರಳನ್ನು ಬಹಳ ಹೊತ್ತು ನೋಡಿದರು. ತಿಂಗಳ ಕೊನೆಗೆ ಮುದೀರ್ ನನ್ನ ಕೀಲಿಕೈ ಹಿಂದಕ್ಕೆ ಪಡೆದರು.

ಒಂದು ಗುರುವಾರ ಸಂಜೆ ಕಾರ್ಕಳದಿಂದ ಫೋನ್ ಬಂತು.

“ಕಾಗದ ಬಂತು ಅಮ್ಮ. ದೇವಸ್ಥಾನದ ಮೊಕ್ತೇಸರರು ಬಂದಿದ್ರು, ಎರಡು ಸಲ ಓದಿಸಿದ್ರು. ಮೂರ್ತಿ ವಾಪಸ್ ಕಳಿಸ್ತಾರಂತೆ.” ತಮ್ಮನ ದನಿ ಅಣ್ಣನದಕ್ಕಿಂತ ಒರಟು. “ನಾವು ಕೇಳಿ ಕೇಳಿ ಸಾಕಾಗಿತ್ತು. ‘ನೀನು ತೂತು ಕೊರೀಲಿಲ್ಲವಾ ಅಣ್ಣ?’ ಅಂತ. ‘ಬರೆಯುವವರು ಬರೀತಾರೆ’ ಅಂತ ಸುಮ್ಮನಾಗ್ತಿದ್ದ. ನಿಮ್ಮ ಹೆಸರು ಒಂದು ದಿನ ಎತ್ತಲಿಲ್ಲ.”

“ನನ್ನಿಂದ ತಡ ಆಯ್ತು.”

“ಹೌದು. ತಡ ಆಯ್ತು.”

ಅದನ್ನು ಅವರು ಮೆತ್ತಗೆ ಮಾಡಲಿಲ್ಲ. ಮಾಡಲೆಂದು ನಾನೂ ಬೇಡಲಿಲ್ಲ. ಫೋನ್ ಇಡುತ್ತಾರೆ ಎಂದುಕೊಂಡೆ.

“ಆ ಬೆರಳಿನ ಫೋಟೋ ಅಣ್ಣ ನೋಡಿದ್ದನಾ?”

“ಇಲ್ಲ.”

“ಆ ಎರಕದವ ಎಡಗೈಯವ. ಹೆಬ್ಬೆರಳು ವಾಲಿದ್ದು ನೋಡಿದ್ರೆ ಗೊತ್ತಾಗ್ತದೆ. ಅಣ್ಣ ಆಗಿದ್ರೆ ನೋಡಿದ ಕೂಡ್ಲೇ ಹೇಳ್ತಿದ್ದ.”

ಅವರ ಹಿಂದೆ ಯಾರೋ ಲೋಹ ತಟ್ಟಿ ನೋಡುತ್ತಿದ್ದ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

ಆ ಗುರುವಾರ ಮಗಳ ಜೊತೆ ಊಟ ಮಾಡಿ ಹತ್ತು ಗಂಟೆಗೆ ಮಲಗಿದೆ. ಎಚ್ಚರವಾದಾಗ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು, ಅಡುಗೆಮನೆಯಲ್ಲಿ ಗಂಡ ಸದ್ದಾಗದಂತೆ ಪಾತ್ರೆ ಎತ್ತಿಡುತ್ತಿದ್ದರು. ಗಡಿಯಾರ ನೋಡಿದೆ. ಒಂಬತ್ತು ನಲವತ್ತು ದಾಟಿ ಹೋಗಿತ್ತು.